ಚಿಗವ್ವ ಅರ್ಧಕ್ಕೇ ಬಿಟ್ಟ ಪುಸ್ತಕಗಳು

ಬ್ಯಾಡಗಿಯಲ್ಲಿ ನಮ್ಮ ಚಿಗವ್ವನಷ್ಟು ಪುಸ್ತಕ ಹಿಡಿದವರು ಇನ್ನೊಬ್ಬರಿಲ್ಲ. ಆಕೆಯಷ್ಟು ಪುಸ್ತಕ ಬಿಟ್ಟವರಂತೂ ಇಡೀ ಹಾವೇರಿ ಜಿಲ್ಲೆ ಹುಡುಕಿದರೂ ಸಿಗಲಿಕ್ಕಿಲ್ಲ! ಕಾದಂಬರಿಗಳ ಮೊದಲರ್ಧದ ಮೇಲೆ ಪರೀಕ್ಷೆ ಇಟ್ಟರೆ ಚಿಗವ್ವನದೇ ಮೊದಲ ನಂಬರು. ಉಳಿದರ್ಧದಲ್ಲಿ ಏನಾಯಿತೆಂದು ಕೇಳಿದಿರೋ, "ಬರದವ್ರನ್ನ ಕೇಳ್ರಿ" ಅಂದುಬಿಡುತ್ತಾಳೆ.

ಚಿಗವ್ವ ಅಂದರೆ ನಮ್ಮ ಅವ್ವನ ತಂಗಿ. ಮೆಣಸಿನಕಾಯಿ ವ್ಯಾಪಾರದ ಮನೆಗೆ ಸೊಸೆಯಾಗಿ ಹೋದವಳು. ಪುಸ್ತಕ ಆರಿಸುವುದೂ ಅದೇ ಪದ್ಧತಿಯಲ್ಲಿ! ಮುನ್ನುಡಿ, ಮೊದಲ ಅಧ್ಯಾಯ ಯಾವುದನ್ನೂ ಮೂಸಿ ನೋಡದೆ ಸೀದಾ ನಡುವಿಗೆ ಹೆಬ್ಬೆರಳು ತೂರಿಸಿ ಒಂದು ಪುಟ ಓದಿ ನೋಡುತ್ತಾಳೆ. ಲೈಬ್ರರಿಯವರು ಒಮ್ಮೆ ತಡೆಯಲಾರದೆ ಕೇಳಿದರು:

"ಅಲ್ರೀ ಅಕ್ಕಾರ, ಮೊದಲಿಂದ ನೋಡಬಾರದೇನ್ರಿ?"

"ಚೀಲದ ಬಾಯಾಗ ಎಲ್ಲಾರೂ ಚಲೋ ಕಾಯಿನ ಇಟ್ಟಿರ್ತಾರ್ರೀ ಸರ. ಒಳಗ ಕೈ ಹಾಕಿ ತಗದು ನೋಡಬೇಕು."

ಅಂದಿನಿಂದ ಪುಸ್ತಕದ ಅಂಗಡಿಯಲ್ಲಿ ನಾನೂ ಹಾಗೇ ಮಾಡುತ್ತೇನೆ. ಎಷ್ಟು ಮೋಸ ತಪ್ಪಿದೆ ಅಂತೀರಿ!

ಹೀಗೆ ಆರಿಸಿ ತಂದದ್ದನ್ನಾದರೂ ಮುಗಿಸುತ್ತಾಳೆಯೆ? ಎಲ್ಲಿಯ ಮಾತು! ನಾಯಕ ಮತ್ತೆ ಮತ್ತೆ ಅತ್ತರೆ ಬಿಟ್ಟಳು. ಮಳೆಯ ವರ್ಣನೆ ಪುಟ ದಾಟಿದರೆ ಬಿಟ್ಟಳು. "ಅಂಗಳದಾಗ ಕಾಯಿ ಒಣಗಾಕ ಹಾಕೇವಿ, ಇವನ ಮಳಿ ನಿಲ್ಲವಲ್ದು!"

ಒಮ್ಮೆ ಹಾವೇರಿ ಬಸ್ಸಿನಲ್ಲಿ ಪಕ್ಕದ ಮನೆಯ ಫಾತಿಮಾಬಿಗೆ ಒಂದು ಪತ್ತೇದಾರಿ ಕಥೆ ಹೇಳತೊಡಗಿದಳು. ಮೋಟೆಬೆನ್ನೂರು ಬರುವಷ್ಟರಲ್ಲಿ ಇಡೀ ಬಸ್ಸೇ ಕಿವಿಯಾಗಿತ್ತು; ಕಂಡಕ್ಟರ್ ಸೀಟಿ ಊದುವುದನ್ನೂ ಮರೆತಿದ್ದ.

"ಯಾ ಅಲ್ಲಾ! ಕೊಂದವ್ರು ಯಾರಕ್ಕಾ?" ಎಂದಳು ಫಾತಿಮಾಬಿ.

"ಪೊಲೀಸರಿಗೇ ಇನ್ನೂ ಗೊತ್ತಾಗಿಲ್ಲ, ನನಗ ಹೆಂಗ ಗೊತ್ತಾಗಬೇಕು? ನಾ ಅಲ್ಲಿಗೇ ಬಿಟ್ಟೆ."

"ಬಿಟ್ಟಿ? ಖರೇ ಹೇಳ್ತೇನಿ, ಇನ್ನ ನಿನ್ನ ಬಾಜೂಕ ಕುಂದ್ರಂಗಿಲ್ಲ ನಾ!"

ಕಂಡಕ್ಟರ್ ಆ ಸಿಟ್ಟಿನಲ್ಲಿ ಊದಿದ ಸೀಟಿಗೆ ಬಸ್ಸು ನಡುದಾರಿಯಲ್ಲೇ ನಿಂತುಬಿಟ್ಟಿತು!

ನಾನಾದರೋ, ಕೈಗೆತ್ತಿಕೊಂಡ ಪುಸ್ತಕವನ್ನು ಆಕಳಿಸುತ್ತಲಾದರೂ ಕೊನೆ ಮುಟ್ಟಿಸುವ ಜಾತಿ. "ಅರ್ಧಕ್ಕ ಬಿಟ್ರ ಮನಸಿಗೆ ಕೆಟ್ಟ ಅನಸಂಗಿಲ್ಲೇನು?" ಎಂದು ಕೇಳಿದೆ. "ತಾಟಿನ್ಯಾಗ ಅನ್ನ ಬಿಟ್ರ ಕೆಟ್ಟ ಅನಸತೈತಿ ತಮ್ಮಾ. ಪುಸ್ತಕೇನು ಹಳಸತೈತೇನು?" ಅಂದಳು. ಇಂಥ ಸ್ವಾತಂತ್ರ್ಯ ನಮಗೆಲ್ಲಿಂದ ಬರಬೇಕು!

ಅಂಥವಳ ಕೈಗೆ ನಾನು, ಕಳೆದ ವರ್ಷ, ನಾನೇ ಬರೆದ ಪುಸ್ತಕ ಕೊಟ್ಟೆ. ತೀರಿಹೋದ ನಮ್ಮ ಅವ್ವನ ನೆನಪುಗಳು. ರಾಣೆಬೆನ್ನೂರಿನ ಗೆಳೆಯರೆಲ್ಲ ಹೊಗಳಿದ್ದರು. ಆದರೆ ಅವ್ವನನ್ನು ನನಗಿಂತ ಮೊದಲು ಬಲ್ಲವಳು ಚಿಗವ್ವ ಒಬ್ಬಳೇ. ಅಕ್ಕನ ಕಥೆಯನ್ನೂ ಆಕೆ ಅರ್ಧಕ್ಕೆ ಕೆಳಗಿಟ್ಟರೆ, ನಾನು ಬರೆದದ್ದು ಅವ್ವನನ್ನೇ ಅಲ್ಲವೆಂದಾಯಿತಲ್ಲ! ಫೋನಿನಲ್ಲಿ ಕೇಳಲು ಧೈರ್ಯ ಸಾಲದೆ ಬ್ಯಾಡಗಿಗೇ ಹೋದೆ.

"ಓದಿದೇನು ಚಿಗವ್ವಾ?"

"ಓದೇನಿ."

"ಎಲ್ಲೀ ತನಕ?"

"ಅಕ್ಕ ಹಾವೇರಿ ದವಾಖಾನಿಗೆ ಹೊಂಡಾಕ ಸೀರಿ ಉಡತಾಳಲ್ಲ, ಅಲ್ಲೀ ತನಕ."

ಅದರಾಚೆ ಉಳಿದಿದ್ದದ್ದು ಒಂದು ಸಣ್ಣ ಅಧ್ಯಾಯ ಮಾತ್ರ.

"ಯಾಕ? ಚಲೋ ಆಗಿಲ್ಲೇನು?"

ಚಿಗವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತ ಕೂತಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

"ಭಾಳ ಚಲೋ ಆಗೇತಪಾ. ಅವತ್ತ ಅಕಿ ಕೈ ನಡಗತಿದ್ವು, ನೆರಿಗಿ ಹಿಡದು ಉಡಿಸಿದಾಕಿ ನಾನ. ಅಲ್ಲೀ ತನಕಾ ಅಕಿ ನನ್ನ ಮುಂದ ಅದಾಳ, ಮಾತಾಡತಾಳ. ಮುಂದಿನ ಹಾಳಿ ಹೊಳ್ಳಿಸಿದ್ರ ನೀ ಅಕಿನ್ನ ಕಳಿಸಿಬಿಡತೀದಿ, ನನಗ ಗೊತ್ತೈತಿ."

ಹಾಗೆಂದವಳು ಕನ್ನಡಕ ಏರಿಸಿಕೊಂಡು ಮೊದಲ ಪುಟ ತೆರೆದಳು.