ಮಸಿ ತಪ್ಪಲೆ ಮತ್ತು ಒಂಟಿ ರೆಕ್ಕೆಯ ವಿಮಾನ

ಮ್ಯೂಸಿಯಂ ಎಂದರೆ ಸದ್ದುಗದ್ದಲ ಇಲ್ಲದ ಜಾಗ ಎಂದು ನಂಬಿದವರು ಒಂದು ಶುಕ್ರವಾರ ನಮ್ಮಲ್ಲಿಗೆ ಬರಬೇಕು. ಏನೂ ಆಗದೆ ಬಾಗಿಲು ಹಾಕಿದ ಶುಕ್ರವಾರ ನನಗೆ ನೆನಪಿಲ್ಲ.

ಒಮಾನಿನ ದುಕ್ಮ್‌ನಿಂದ ಕಾರಿನಲ್ಲಿ ಒಂದು ಗಂಟೆ ಹೋದರೆ ಎರಡನೇ ಮಹಾಯುದ್ಧದ ಕಾಲದ ಒಂದು ವಿಮಾನಪಟ್ಟಿ ಇದೆ. ಅದರ ಪಕ್ಕದ ತಗಡಿನ ಶೆಡ್ಡೇ ನಮ್ಮ ಮ್ಯೂಸಿಯಂ. ಎಡರೆಕ್ಕೆ ಮಾತ್ರ ಉಳಿದಿರುವ ಒಂದು ಬಾಂಬರ್ ವಿಮಾನ, ಒಂದು ಇಂಜಿನ್, ಪೆಟ್ರೋಲ್ ಡಬ್ಬಿಗಳು, ಎರಡು ಹೆಲ್ಮೆಟ್ಟು, ಮಸಿ ಹಿಡಿದ ಒಂದು ತಪ್ಪಲೆ, ಗೋಡೆಯ ಮೇಲೆ ಆಗಿನ ಇಂಗ್ಲಿಷ್ ಪೈಲಟ್‌ಗಳ ಹೆಸರಿನ ಹಲಗೆ. ಇಷ್ಟನ್ನೂ ಮರಳಿನಿಂದ ಹೆಕ್ಕಿ ತೆಗೆದವರು ನಮ್ಮ ಹಾಜಿ. ಒಮಾನಿನವರು, ವಿಮಾನದ ಮೆಕ್ಯಾನಿಕ್ ಆಗಿ ನಿವೃತ್ತರಾದವರು, ನನಗಿಂತ ಚೆನ್ನಾಗಿ ಹಿಂದಿ ಮಾತಾಡುವವರು. ಅವರ ಜೊತೆ ಒಬ್ಬ ಬ್ರಿಟಿಷ್ ಇಂಜಿನಿಯರ್, ಅವರೂ ನಿವೃತ್ತರೇ, ಕೋಲೂರಿ ನಡೆಯುವವರು. ಬೆನ್ನ ಹಿಂದೆ ನಾನು ಅವರನ್ನು ದೊರೆ ಎನ್ನುತ್ತೇನೆ. ಮೂರನೆಯವನು ನಾನು, ದುಕ್ಮ್‌ನ ಒಂದು ಕಂಪನಿಯ ಸ್ಟೋರ್‌ಕೀಪರ್, ಊರು ಉಡುಪಿ. ಮೂವರಿಗೂ ಸಂಬಳವಿಲ್ಲ, ಜಂಬಕ್ಕೆ ಮಾತ್ರ ಕಡಿಮೆಯಿಲ್ಲ.

ಈ ವರ್ಷ ಮಸ್ಕತ್‌ನಿಂದ ಒಂದು ಪತ್ರ ಬಂತು. ಒಬ್ಬ ಅಧಿಕಾರಿ ಬಂದು ನೋಡುತ್ತಾರೆ. ಉಳಿಸುವಂಥದ್ದು ಏನಾದರೂ ಇದ್ದರೆ ಮ್ಯೂಸಿಯಂ ಉಳಿಯುತ್ತದೆ. ಇಲ್ಲದಿದ್ದರೆ ಸಾಮಾನೆಲ್ಲ ಮಸ್ಕತ್‌ನ ದೊಡ್ಡ ಮ್ಯೂಸಿಯಂಗೆ, ಶೆಡ್ಡು ಪೈಪು ಇಡುವುದಕ್ಕೆ. ಹಾಜಿ ಆ ಪತ್ರವನ್ನು ನಾಲ್ಕು ಸಲ ಓದಿ ಜೇಬಿನಲ್ಲಿಟ್ಟುಕೊಂಡರು.

ಮೊದಲು ಕಾಫಿ

ಜನ ಬರುತ್ತಾರೆ ಎಂದು ತೋರಿಸಬೇಕಲ್ಲ. ನಾನು ಕಂಪನಿಯ ಕ್ಯಾಂಪಿನಿಂದ ಒಂದು ಬಸ್ಸು ತುಂಬ ಕೆಲಸಗಾರರನ್ನು ಕರೆತಂದೆ. ಆದರೆ ಹಾಜಿಯವರದು ಒಂದು ಕಾನೂನು: ಕಾಫಿ ಕುಡಿಯದೆ, ಖರ್ಜೂರ ತಿನ್ನದೆ ಯಾರೂ ವಿಮಾನ ನೋಡುವ ಹಾಗಿಲ್ಲ. ಕಪ್ಪುಗಳಿದ್ದದ್ದು ಆರು, ಜನ ನಲವತ್ತು. ಒಬ್ಬೊಬ್ಬರಿಗೂ ಕೈಯಾರೆ ಸುರಿದು, ಊರು ಕೇಳಿ, ಮಕ್ಕಳೆಷ್ಟು ಎಂದು ವಿಚಾರಿಸಿ, ಎರಡನೇ ಸಲ ಸುರಿದು, ಕಪ್ಪು ತೊಳೆದು ಮುಂದಿನವರಿಗೆ. ಕೊನೆಯವನ ಸರದಿ ಬರುವಷ್ಟರಲ್ಲಿ ಡ್ರೈವರ್ ಹೊರಗಿನಿಂದ "ಯಲ್ಲಾ, ಯಲ್ಲಾ! ಟೈಮ್ ಖಲಾಸ್!" ಎಂದು ಹಾರ್ನ್ ಒತ್ತಿದ. ಎಲ್ಲರೂ ಓಡಿ ಬಸ್ಸು ಹತ್ತಿದರು.

ಸಂದರ್ಶಕರ ಪುಸ್ತಕದಲ್ಲಿ ಒಬ್ಬ ಹಿಂದಿಯಲ್ಲಿ ಬರೆದಿದ್ದ: "ಖರ್ಜೂರ ಬಹಳ ಚೆನ್ನಾಗಿತ್ತು. ವಿಮಾನ ಇನ್ನೊಂದು ಸಲ ನೋಡುತ್ತೇವೆ."

ಕೊನೆಯ ಕಾಲಮ್ಮು

ಅಧಿಕಾರಿಗೆ ಕೊಡಲು ಸಾಮಾನಿನ ಪಟ್ಟಿ ಬೇಕು ಎಂದರು ದೊರೆ. ಪಟ್ಟಿ ಮಾಡುವುದರಲ್ಲಿ ನನ್ನನ್ನು ಮೀರಿಸುವವರು ಈ ಮರುಭೂಮಿಯಲ್ಲಿ ಯಾರಿದ್ದಾರೆ? ಕಂಪನಿಯ ಫಾರಮ್ಮಿನಲ್ಲೇ ಚೆಂದವಾಗಿ ತುಂಬಿದೆ. ವಿಮಾನ, ಒಂದು. ಬಲರೆಕ್ಕೆ ಇಲ್ಲ. ಚಾಲೂ ಇಲ್ಲ. ಕೊನೆಗೊಂದು ಶಿಫಾರಸಿನ ಕಾಲಮ್ಮು. ನಮ್ಮ ಸ್ಟೋರಿನಲ್ಲಿ ಇಪ್ಪತ್ತು ವರ್ಷ ದಾಟಿದ್ದಕ್ಕೆ ಬರೆಯುವುದು ಒಂದೇ ಶಬ್ದ. ಕೈ ತನ್ನಷ್ಟಕ್ಕೆ ಬರೆಯುತ್ತಾ ಹೋಯಿತು: ಸ್ಕ್ರ್ಯಾಪ್, ಸ್ಕ್ರ್ಯಾಪ್, ಸ್ಕ್ರ್ಯಾಪ್.

ದೊರೆ ಓದಿ, ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು. ನನಗೆ ನೆಲ ಬಿರಿದು ಬಾಯಿಬಿಡಬಾರದೇ ಎನಿಸಿತು. ಹಾಜಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು. "ನನಗೆ ಎಪ್ಪತ್ತೆರಡು. ನನ್ನ ಹೆಸರೂ ಬರೆದುಕೋ, ಗೆಳೆಯಾ."

ದೊರೆ ಗಂಭೀರವಾಗಿ ಹೇಳಿದರು: "ಸಾಲು ತಪ್ಪಿಸಬೇಡಿ. ನನಗೆ ಎಪ್ಪತ್ನಾಲ್ಕು."

ಎಷ್ಟು ಕಿಲೋ?

ಒಂದು ಶುಕ್ರವಾರ ಮಸ್ಕತ್‌ನ ಬೌಷರ್‌ನಿಂದ ಮಂಗಳೂರಿನ ಒಬ್ಬರು ಸಂಸಾರ ಸಮೇತ ಬಂದಿದ್ದರು. ದೊರೆ ಅರ್ಧ ಗಂಟೆ ವಿಮಾನದ ಚರಿತ್ರೆ ಹೇಳಿದರು. ಇವರು ಕೈಕಟ್ಟಿ ಕೇಳಿದರು. ಕೊನೆಗೆ, ಗಲ್ಫಿನಲ್ಲಿ ಮೂವತ್ತು ವರ್ಷ ಪೆಟ್ಟಿಗೆ ತೂಗಿ ತೂಗಿ ಬೆನ್ನು ಬಗ್ಗಿದವರು ಕೇಳುವುದನ್ನೇ ಕೇಳಿದರು: "ಇದರಲ್ಲಿ ಎಷ್ಟು ಕಿಲೋ ತಗೊಂಡು ಹೋಗಬಹುದಿತ್ತು?"

"ಇನ್ನೂರೈವತ್ತು," ಎಂದರು ದೊರೆ.

ಆ ಮನುಷ್ಯನ ಮುಖ ಅರಳಿತು. ಹೆಂಡತಿಯತ್ತ ತಿರುಗಿ "ಕೇಳಿದ್ಯಾ? ಇನ್ನೂರೈವತ್ತು!" ಎಂದರು.

"ಆದರೆ," ಎಂದರು ದೊರೆ, "ಅದನ್ನು ದಾರಿಯಲ್ಲೇ ಕೆಳಗೆ ಹಾಕಿ ಬರಬೇಕಿತ್ತು."

ಹುಣಸೆಹಣ್ಣು

ಅಧಿಕಾರಿ ಬರುವ ದಿನ ಸಹಾಯಕ್ಕೆಂದು ನನ್ನ ಹೆಂಡತಿಯೂ ಬಂದಳು. ಹಿಂದಿನ ವಾರವೇ ಅವಳ ಕಣ್ಣು ಆ ತಪ್ಪಲೆಯ ಮೇಲೆ ಬಿದ್ದಿತ್ತು. ಎದುರಿಗೆ ದೊರೆಯವರ ಕೈಬರಹದ ಚೀಟಿ: "ಯುದ್ಧಕಾಲದ ಚಹಾ ಪಾತ್ರೆ. ಅಂದಿನ ಮಸಿಯ ಸಮೇತ." ವಾರವಿಡೀ ಮನೆಯಲ್ಲಿ ಅದೇ ಮಾತು. "ದೊಡ್ಡ ಜನ ಬರುವಾಗ ಇಂಥ ಮಸಿ ಪಾತ್ರೆ ಇಡ್ತಾರಾ ಮಾರಾಯ್ರೆ? ನೋಡಿದವರು ಎಂತ ಹೇಳ್ಲಿಕ್ಕಿಲ್ಲ?"

ನಾವು ಮೂವರು ಗೇಟಿನಲ್ಲಿ ಕಾಯುತ್ತಿದ್ದೆವು. ಅಧಿಕಾರಿಯನ್ನು ಒಳಗೆ ಕರೆತಂದಾಗ ತಪ್ಪಲೆ ಮದುವೆ ಮನೆಗೆ ಹೊರಟಂತೆ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಸೆರಗು ಸಿಕ್ಕಿಸಿ, ಹುಣಸೆಹಣ್ಣು ಮೆತ್ತಿದ ಕೈಯಲ್ಲಿ ನನ್ನ ಧರ್ಮಪತ್ನಿ.

ದೊರೆ ಸ್ಟೂಲಿನ ಮೇಲೆ ಕುಸಿದರು. "ಮೇಡಂ, ಅದು ಎಂಬತ್ತು ವರ್ಷದ ಮಸಿ."

"ಅದಕ್ಕೇ," ಎಂದಳು ಇವಳು, "ಉಜ್ಜಿ ಉಜ್ಜಿ ನನ್ನ ಕೈ ಬಿದ್ದುಹೋಯ್ತು."

ಅಧಿಕಾರಿ ಮರ್ಯಾದಸ್ಥರು. ಕಾಫಿ ಕುಡಿದರು, ಸುತ್ತ ನೋಡಿದರು. ಇಂಥ ಇಂಜಿನ್ ಮಸ್ಕತ್‌ನಲ್ಲಿದೆ ಎಂದರು. ಹೆಲ್ಮೆಟ್ಟೂ ಇದೆ ಎಂದರು. ಹಾಜಿಯವರ ಮುಖ ಸಣ್ಣದಾಗುತ್ತಾ ಹೋಯಿತು. ತಪ್ಪಲೆಯ ಮುಂದೆ ನಿಂತು ಅಧಿಕಾರಿ ಕೇಳಿದರು, "ಇದು ನಿನ್ನೆ ಪೇಟೆಯಿಂದ ತಂದದ್ದೇ?"

ಮಾನ ಹೋಯಿತು ಎಂದು ನಾನು ತಪ್ಪಲೆಯನ್ನು ಎತ್ತಿ ಮರೆಮಾಡಲು ಹೊರಟೆ. ಕಂಠದ ಕೆಳಗೆ ಬೆರಳಿಗೆ ಏನೋ ತರಿತರಿಯಾಗಿ ತಾಗಿತು. ತಿರುಗಿಸಿ ನೋಡಿದರೆ ಚುಕ್ಕಿ ಚುಕ್ಕಿಯಾಗಿ ಕೊರೆದ ಕನ್ನಡ ಅಕ್ಷರ: "ಬಾಬು, ಮಲ್ಪೆ."

ಪೈಲಟ್‌ಗಳ ಹಲಗೆಯನ್ನು ಎಷ್ಟು ಸಲ ಒರೆಸಿದ್ದೆ! ನಮ್ಮ ಕಡೆಯವನೊಬ್ಬ ಇದೇ ಮರಳಿನಲ್ಲಿ ಒಲೆ ಹಚ್ಚಿದ್ದ ಎಂದು ಕನಸಿನಲ್ಲೂ ಎಣಿಸಿರಲಿಲ್ಲ. ಅಧಿಕಾರಿಗೆ ವಿವರಿಸಿದೆ: ನಮ್ಮಲ್ಲಿ ಪಾತ್ರೆಗೆ ಹೆಸರು ಹಾಕಿಸುತ್ತಾರೆ, ನಾಲ್ಕು ಮನೆಯ ಪಾತ್ರೆಗಳ ನಡುವೆ ಕಳೆದುಹೋಗದಿರಲಿ ಎಂದು.

ಹಾಜಿ ತಪ್ಪಲೆಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. "ನನ್ನ ಅಪ್ಪ ಇಲ್ಲಿ ಪೆಟ್ರೋಲ್ ಡಬ್ಬಿ ಹೊರುತ್ತಿದ್ದ. ಒಬ್ಬ ಇಂಡಿಯಾದ ಅಡುಗೆಯವನು ದಿನಾ ಮೊದಲ ಚಹಾ ಕೂಲಿಯವರಿಗೆ ಕೊಡುತ್ತಿದ್ದನಂತೆ, ಪೈಲಟ್‌ಗಳಿಗೆ ಆಮೇಲಂತೆ. ಸಾಯುವವರೆಗೂ ಅಪ್ಪ ಅದನ್ನೇ ಹೇಳುತ್ತಿದ್ದ. ಹೆಸರು ಮಾತ್ರ ಮರೆತಿದ್ದ." ಅವರ ಕಣ್ಣು ತುಂಬಿತ್ತು.

ಅಧಿಕಾರಿ ಇನ್ನೊಂದು ಕಪ್ಪು ಕಾಫಿ ಕೇಳಿದರು. "ಇದು ಮಸ್ಕತ್‌ನಲ್ಲಿಲ್ಲ. ಇದು ಇಲ್ಲೇ ಇರಲಿ. ಶೆಡ್ಡೂ ಇರಲಿ." ಹಾಗೆಂದೇ ಬರೆದು, ಸಹಿ ಹಾಕಿ ಹೋದರು.

ಅಂದೇ ಸಂಜೆ ದೊರೆ ಪೈಲಟ್‌ಗಳ ಹಲಗೆಯನ್ನು ನನ್ನಿಂದ ಕೆಳಗಿಳಿಸಿ, ಅದರ ತುದಿಯಲ್ಲಿ ತಾವೇ ಬ್ರಶ್ ಹಿಡಿದು ಬರೆದರು: ಬಾಬು, ಮಲ್ಪೆ. ಆಮೇಲೆ ನನ್ನ ಹೆಂಡತಿಗೆ ಕೈ ಮುಗಿದರು. ನನ್ನ ಎದೆ ಎಷ್ಟು ಉಬ್ಬಿತೆಂದರೆ, ಉಜ್ಜಿದ್ದು ನಾನೇ ಅನ್ನಬೇಕು.

ಅವಳಿಗೂ ಹುರುಪು ಬಂದಿತ್ತು. ವಿಮಾನವನ್ನು ಮೂತಿಯಿಂದ ಬಾಲದವರೆಗೆ ಒಮ್ಮೆ ಕಣ್ಣಲ್ಲೇ ಅಳೆದು, ಎಲ್ಲರಿಗೂ ತಿಳಿಯಲೆಂದು ಇಂಗ್ಲಿಷಿನಲ್ಲೇ ಕೇಳಿದಳು: "ಇದರ ಅಡಿಯಲ್ಲೂ ಯಾರ ಹೆಸರು ಉಂಟೋ! ಐದು ಕಿಲೋ ಹುಣಸೆಹಣ್ಣು ಸಾಕಾದೀತಾ?"

ಮಂಡಿನೋವೆಂದು ವರ್ಷಗಟ್ಟಲೆ ಕೋಲೂರಿ ನಡೆಯುತ್ತಿದ್ದ ದೊರೆ, ಕೋಲು ಬಿಸಾಕಿ ಓಡಿಹೋಗಿ ವಿಮಾನಕ್ಕೆ ಅಡ್ಡ ನಿಂತರು.