ನಡುವಿನ ಕುರ್ಚಿಯ ಅಳಿಯ

ಲಗ್ನ ಕೂಡಿಸುವುದರಲ್ಲಿ ನನ್ನಷ್ಟು ಜಾಣ ಇಡೀ ಪುಣೆಯಲ್ಲಿ ಇನ್ನೊಬ್ಬನಿಲ್ಲ. (ನನ್ನಾಕೆ ಇದನ್ನು ಒಪ್ಪುವುದಿಲ್ಲ. ಆಕೆ ಇಲ್ಲಿಯವರೆಗೆ ಯಾವುದನ್ನು ಒಪ್ಪಿದ್ದಾಳೆ?)

ನನ್ನ ನಾದಿನಿ ಸಾವಂತ್ರಿ ಬಾಯಿ ತೆರೆದರೆ ಮುಚ್ಚುವವಳಲ್ಲ. ನೋಡಲು ಬಂದ ಮೂವರು ವರರು ಉಪ್ಪಿಟ್ಟು ತಿಂದು, ಆಕೆಯ ಮಾತು ಕೇಳಿ, ಮತ್ತೆ ಇತ್ತ ತಲೆಹಾಕಲಿಲ್ಲ. ಸೋಮವಾರ ಅತ್ತೆ ಶಿವಬಸವ್ವ ಮಗಳನ್ನು ಕರೆದುಕೊಂಡು ದೌಂಡಿಗೆ ಹೊರಡುವವರಿದ್ದರು. ಅಲ್ಲಿ ಹೆಂಡತಿ ಸತ್ತ, ನಲವತ್ತು ದಾಟಿದ ಸಂಬಂಧಿಕನೊಬ್ಬ ಕಾದು ಕುಳಿತಿದ್ದ. ಪಾಪ, ಸಾವಂತ್ರಿ ಎರಡು ದಿನ ಅತ್ತಿದ್ದಳು. ನನಗೂ ಸಂಕಟವಾಯಿತು.

ಹಡಪಸರದ ನಮ್ಮ ಕಾರ್ಖಾನೆಯ ಆಫೀಸಿನಲ್ಲಿ ಶಿವಪುತ್ರಪ್ಪನೆಂಬ ಲಗ್ನವಾಗದ ಗುಮಾಸ್ತ. ಮೂರು ವರ್ಷ ನನ್ನ ಪಕ್ಕದ ಟೇಬಲ್ಲಿನಲ್ಲಿ ಕೂತರೂ "ಹೂಂರಿ", "ಇಲ್ರಿ" ಬಿಟ್ಟು ಮೂರನೇ ಮಾತು ಆಡಿದವನಲ್ಲ. ಅದೇ ವಾರ ಟಾಕೀಜಿಗೆ ಒಂದು ಹಿಂದಿ ಸಿನಿಮಾ ಬಂತು. ಬಾಯಿಬಡುಕಿ ಹುಡುಗಿ, ಮೂಕಬಸವನಂಥ ಹುಡುಗ, ಮೂರು ತಾಸಿನಲ್ಲಿ ಪ್ರೀತಿ. ನನಗೆ ಜ್ಞಾನೋದಯವಾಯಿತು. ಶನಿವಾರದ ಆಟಕ್ಕೆ ಐದು ಟಿಕೆಟ್ಟು ತಂದೆ.

"ಹುಡುಗ ಹುಡುಗಿ ಬಾಜೂಕ ಕುಂತರ ಮಂದಿ ಏನಂದಾರು?" ಎಂದಳು ನನ್ನಾಕೆ.

ಮರ್ಯಾದೆ ನನಗೆ ಗೊತ್ತಿಲ್ಲವೇ? ಈ ತುದಿಗೆ ಸಾವಂತ್ರಿ, ಆಮೇಲೆ ನನ್ನಾಕೆ, ಅತ್ತೆ, ನಾನು, ಆ ತುದಿಗೆ ಶಿವಪುತ್ರಪ್ಪ. ಅಭೇದ್ಯ ವ್ಯೂಹ!

ಅತ್ತೆಗೆ ಹಿಂದಿ ಎಲ್ಲಿಂದ ಬರಬೇಕು? ಅಳಿಯನ ಕರ್ತವ್ಯವೆಂದು ಪ್ರತಿಯೊಂದು ಮಾತನ್ನೂ ಕನ್ನಡಕ್ಕಿಳಿಸತೊಡಗಿದೆ. "ನೀ ಕಲ್ಲೇನೋ ಮನಷ್ಯಾನೋ ಅಂತ ಕೇಳಾಕತ್ತಾಳ್ರಿ. ನಾಯಕ ಸುಮ್ಮನ ನಿಂತಾನ ನೋಡ್ರಿ!"

"ಅಹೋ, ಗಪ್ಪ ಬಸಾ!" ಎಂದು ಹಿಂದಿನ ಸಾಲಿನವರು ಬಾಯಿ ಮುಚ್ಚಲು ಹೇಳಿದರು. ನಾನು ದನಿ ಏರಿಸಿದೆ.

ಇಂಟರ್ವಲ್ಲಿನಲ್ಲಿ ಬಟಾಟೆ ವಡಾ ಹಿಡಿದು ಬಂದರೆ ಎರಡೂ ತುದಿಯ ಕುರ್ಚಿ ಖಾಲಿ!

"ಸಾವಂತ್ರಿ ಎಲ್ಲೆ?"

"ಎದ್ದು ಹೋದ್ಲು. ಅವರೂ ಹೋದ್ರು," ಎಂದಳು ನನ್ನಾಕೆ, ವಡಾ ಇಸಿದುಕೊಳ್ಳುತ್ತ.

ಮನೆತನದ ಮಾನ ಹೋಯಿತೆಂದು ಹೊರಗೆ ಓಡಿದೆ. ಚಹಾದಂಗಡಿಯ ಎದುರು ಶಿವಪುತ್ರಪ್ಪ, ಹೌದು, ಅದೇ ಶಿವಪುತ್ರಪ್ಪ, ಕೈ ಬೀಸುತ್ತ, "ನಾಯಕ ಸುಮ್ಮನ ನಿಂತಾನ ನೋಡ್ರಿ!" ಎಂದು ಥೇಟ್ ನನ್ನ ದನಿಯಲ್ಲಿ ಒದರುತ್ತಿದ್ದ. ಸಾವಂತ್ರಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಜನ್ಮದಲ್ಲಿ ಮೊದಲ ಸಲ ಆಕೆಗೆ ಮಾತೇ ಹೊರಡುತ್ತಿರಲಿಲ್ಲ.

ಸಂಜೆಗೆ ಇಬ್ಬರೂ ಲಗ್ನಕ್ಕೆ ಒಪ್ಪಿದರು. ನಾನು ಎದೆಯುಬ್ಬಿಸಿ, "ಕೂಡಿಸಿದವರು ಯಾರು?" ಎಂದೆ.

"ನೀವ ರೀ," ಎಂದಳು ನನ್ನಾಕೆ. "ನಿಮ್ಮ ಬಾಯಿಗೆ ಹೆದರಿ ಇಬ್ಬರೂ ಹೊರಗ ಓಡಿದ್ರು. ಇಲ್ಲಂದ್ರ ಎಲ್ಲೆ ಮಾತಾಡ್ತಿದ್ರು?"

"ಅತ್ತೀ, ನೀವರ ಹೇಳ್ರಿ. ನಾ ಇದ್ದದ್ದಕ್ಕ ನಿಮಗ ಸಿನಿಮಾ ತಿಳೀತು, ಹೌದಲ್ರಿ?"

ಅತ್ತೆ ತಲೆಯ ಮೇಲಿನ ಸೆರಗು ಸರಿಪಡಿಸಿಕೊಂಡರು. "ಅಳಿಯಂದಿರಿಗೆ ಎದುರ ಮಾತಾಡಬಾರದಂತ ಸುಮ್ಮನಿದ್ದೆನ್ರಿ. ಇಪ್ಪತ್ತು ವರ್ಷ ದೌಂಡದಾಗ ರೇಲ್ವೆ ಕ್ವಾರ್ಟರ್ಸಿನಾಗ ಇದ್ದಾಕಿ, ನನಗ ಹಿಂದಿ ಚಲೋ ಬರ್ತದ. ನಾಳೆ ಅದ ಸಿನಿಮಾ ಮತ್ತೊಮ್ಮೆ ನೋಡೋಣಂತ ಮಾಡೇವಿ. ಮನಿ ಕಾಯಾಕ ನೀವು ಇದ್ದೀರಲ್ಲ."

ಭಾನುವಾರ ನಾಲ್ಕೇ ಟಿಕೆಟ್ಟು. ಪಾಳಿಯಲ್ಲಿ ನಿಂತು ತಂದವನು ನಾನೇ.