ಒಂದೇ ಡಬ್ಬಿಯಲ್ಲಿ ಸಕ್ಕರೆ ಹಾಕಿದ ಮತ್ತು ಹಾಕದ ತೋರ್ತಾ ಫ್ರೀತಾಗಳನ್ನು ತರುವ ಕುರಿತು

ಗಣಕಶಾಸ್ತ್ರ ವಿಭಾಗ
ಬಗೆ ಪರಿಶೀಲನಾ ಉಪಸಮಿತಿ, ಮೊಂತೆವಿದೇಯೊ

ಸಂಖ್ಯೆ: ಗಶಾ/ಬಪಉ/ಅಡುಗೆಕೋಣೆ/17 (ತಿದ್ದುಪಡಿಯ ತಿದ್ದುಪಡಿ)
ದಿನಾಂಕ: ಆಗಸ್ಟ್ 21, ಮೋಡ

ಸುತ್ತೋಲೆ

ವಿಷಯ: ಶ್ರೀಮತಿ ನೀಬಿಯಾ ತೆಚೇರಾ ಅವರ ಡಬ್ಬಿಯನ್ನು ತಿರಸ್ಕರಿಸಿದ್ದರಿಂದ ಉಂಟಾದ ಪರಿಸ್ಥಿತಿ ಬಗ್ಗೆ.

ಉಲ್ಲೇಖ:
1) ಸುತ್ತೋಲೆ ಸಂಖ್ಯೆ 16, "ಒಂದು ಡಬ್ಬಿಗೆ ಒಂದೇ ಬಗೆ".
2) ಆಗಸ್ಟ್ 6ರ ಮಳೆ.
3) ಆಗಸ್ಟ್ 11ರ ಮಳೆ. ಅಂದು ಡಬ್ಬಿ ಬರಲಿಲ್ಲ.
4) ಆಗಸ್ಟ್ 15ರ ಮಳೆ. ಅಂದು ಬಂದದ್ದಕ್ಕೆ ಕಂಡಿಕೆ 4 ನೋಡುವುದು.

ಪ್ರಸ್ತಾವನೆ:

ವಿಭಾಗದ ಕಚೇರಿ ಕಾರ್ಯದರ್ಶಿ ಶ್ರೀಮತಿ ನೀಬಿಯಾ ತೆಚೇರಾ ಅವರು ಇಪ್ಪತ್ತೊಂಬತ್ತು ವರ್ಷಗಳಿಂದ, ಮಳೆ ಬಂದ ದಿನಗಳಲ್ಲೆಲ್ಲ, ಹಿಟ್ಟು ನಾದಿ ಕೊಬ್ಬಿನಲ್ಲಿ ಕರಿದ, ನಡುವೆ ತೂತಿರುವ ತೋರ್ತಾ ಫ್ರೀತಾಗಳನ್ನು ಒಂದು ತಗಡಿನ ಡಬ್ಬಿಯಲ್ಲಿ ತುಂಬಿ ತರುತ್ತಿದ್ದುದು ದಾಖಲೆಯಲ್ಲಿದೆ. ಉಪಸಮಿತಿಯ ಪರಿಭಾಷೆಯಲ್ಲಿ ಅವರು "ಮಳೆ ಪಡೆದು ತೋರ್ತಾ ಕೊಡುವ" ಬಗೆಯವರು. ಸದರಿ ಬಗೆಯವರು ವಿಭಾಗದಲ್ಲಿ ಬೇರಾರೂ ಇರುವುದಿಲ್ಲ.

ಉಪಸಮಿತಿಯ ಅಧ್ಯಕ್ಷ ಡಾ. ವಾಲ್ದೆಮಾರ್ ಇಪುಚೆ ಅವರು ಗಣಕಶಾಸ್ತ್ರದ ತಳಹದಿಯಾದ ಲ್ಯಾಂಬ್ಡಾ ಕಲನದಲ್ಲಿ ಪಂಡಿತರು. ಯಾವುದಕ್ಕೆ ಏನನ್ನು ಕೊಡಬಹುದು, ಏನನ್ನು ಕೊಡಬಾರದು ಎಂಬುದನ್ನು ಅವುಗಳ ಬಗೆ (ಟೈಪ್) ನೋಡಿ, ಲೆಕ್ಕ ಶುರುವಾಗುವ ಮುನ್ನವೇ ತೀರ್ಮಾನಿಸುವುದು ಅವರ ವೃತ್ತಿ. ಅದನ್ನು ಅಡುಗೆಕೋಣೆಗೂ ವಿಸ್ತರಿಸಿದರೆ ಲೋಕೋಪಕಾರವಾಗುವುದೆಂದು ಅವರಿಗೆ ತೋರಿದ್ದರಿಂದ ಸುತ್ತೋಲೆ 16 ಹೊರಬಿದ್ದಿತ್ತು. ಆಗಸ್ಟ್ 6ರಂದು ಸದರಿ ಡಬ್ಬಿಯನ್ನು ಬಾಗಿಲಲ್ಲೇ ತಡೆದು ತೆರೆಯಲಾಗಿ, ಅರ್ಧದಷ್ಟು ತೋರ್ತಾಗಳ ಮೇಲೆ ಸಕ್ಕರೆ ಇರುವುದೂ ಇನ್ನರ್ಧದ ಮೇಲೆ ಇಲ್ಲದಿರುವುದೂ ಕಂಡುಬಂದು, "ಬಗೆ ಹೊಂದುವುದಿಲ್ಲ" ಎಂಬ ಕೆಂಪು ಚೀಟಿಯನ್ನು ಡಬ್ಬಿಗೆ ಅಂಟಿಸಿ ಹಿಂದಿರುಗಿಸಲಾಯಿತು.

ಆ ಸಮಯದಲ್ಲಿ ನೀಬಿಯಾ ಅವರು, "ನೋಡಪ್ಪ ವಾಲ್ದೆಮಾರ್, ತಿಂದ್ರೆ ಗೊತ್ತಾಗತ್ತೆ" ಎಂದು ಹೇಳಿಕೆ ನೀಡಿರುತ್ತಾರೆ. ಅಧ್ಯಕ್ಷರು, "ತಿನ್ನೋಕ್ ಮುಂಚೆನೇ ಗೊತ್ತಾಗ್ಬೇಕು, ಅದೇ ನಮ್ ಶಾಸ್ತ್ರ" ಎಂದು ಉತ್ತರಿಸಿರುತ್ತಾರೆ. ಬಳಿಕ ಡಬ್ಬಿಯು ನಾಲ್ಕನೇ ಮಹಡಿಯ ಜಲಶಾಸ್ತ್ರ ವಿಭಾಗಕ್ಕೆ ಹೋಯಿತು. ಅಲ್ಲಿ ಯಾರಿಗೂ ಯಾವ ಶಾಸ್ತ್ರವೂ ಅಡ್ಡಬಾರದೆ ಏಳು ನಿಮಿಷದಲ್ಲಿ ಡಬ್ಬಿ ಖಾಲಿಯಾಯಿತು. ಕೆಂಪು ಚೀಟಿಗೆ ಅಂಟಿದ್ದ ಸಕ್ಕರೆಯನ್ನೂ ಅವರು ಬಿಟ್ಟಿಲ್ಲವೆಂದು ವರದಿಯಾಗಿದೆ.

ಮರುದಿನ ನೀಬಿಯಾ ಅವರು ಜಲಶಾಸ್ತ್ರ ವಿಭಾಗಕ್ಕೆ ವರ್ಗಾವಣೆ ಕೋರಿ ಅರ್ಜಿ ಸಲ್ಲಿಸಿದ್ದಾರೆ. ಕಾರಣದ ಕಾಲಂನಲ್ಲಿ "ಅಲ್ಲಿ ಬಗೆ ಕೇಳುವುದಿಲ್ಲ" ಎಂದಷ್ಟೇ ಇದೆ. ಶುಕ್ರವಾರದೊಳಗೆ ಅದಕ್ಕೆ ಅಧ್ಯಕ್ಷರು ಸಹಿ ಮಾಡಬೇಕಿದೆ. ಅವರು ದಿನಕ್ಕೆ ಮೂರು ಬಾರಿ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕುತ್ತಿದ್ದಾರೆ. ಆದ್ದರಿಂದ ಎಲ್ಲ ಸಿಬ್ಬಂದಿಯ ಗಮನಕ್ಕೆ ಈ ಕೆಳಕಂಡಂತೆ ತರಲಾಗಿದೆ.

1. ಇನ್ನು ಮುಂದೆ "ಸಕ್ಕರೆ ಇರುವ ಅಥವಾ ಇಲ್ಲದ ತೋರ್ತಾ" ಎಂಬುದನ್ನು ಒಂದೇ ಬಗೆಯೆಂದು ಭಾವಿಸತಕ್ಕದ್ದು. ಡಬ್ಬಿಗೆ ಕೈಹಾಕುವವರು ಎರಡೂ ಸಂದರ್ಭಗಳಿಗೆ ಸಿದ್ಧರಿರಬೇಕು. ಸಕ್ಕರೆ ಕಾಯಿಲೆ ಇರುವವರು ಒಂದಕ್ಕೆ ಮಾತ್ರ ಸಿದ್ಧರಿದ್ದು, ಇನ್ನೊಂದು ಸಿಕ್ಕಲ್ಲಿ ಪಕ್ಕದವರಿಗೆ ದಾಟಿಸತಕ್ಕದ್ದು.

2. ಎಲ್ಲರೂ ಸರದಿಯಂತೆ ಮಾಟೆ ಎಲೆಯ ಕಷಾಯ ಕುಡಿಯುವ ಸೋರೆಬುರುಡೆಯನ್ನು ಪಡೆದವರು ಪೂರ್ತಿ ಹೀರಿ, ಬಿಸಿನೀರು ಹೊಯ್ಯುವವರಿಗೆ ಖಾಲಿ ಬುರುಡೆಯನ್ನೇ ಹಿಂದಿರುಗಿಸತಕ್ಕದ್ದು. ಬುರುಡೆ ಹಿಡಿದು ತಮ್ಮ ಪ್ರಮೇಯ ವಿವರಿಸುವುದನ್ನು ನಿಷೇಧಿಸಲಾಗಿದೆ. ಕಳೆದ ಗುರುವಾರ ಪ್ರೊ. ಗದೇಯಾ ಅವರ ಕೈಸೇರಿದ ಬುರುಡೆ ಇನ್ನೂ ಬಂದಿಲ್ಲ. ಬರುವುದೋ ಇಲ್ಲವೋ ಎಂದು ಮುಂಚಿತವಾಗಿ ಹೇಳುವ ಸಾಮಾನ್ಯ ವಿಧಾನವಿಲ್ಲವೆಂದು ನಮ್ಮ ಶಾಸ್ತ್ರದಲ್ಲಿ ಬಹಳ ಹಿಂದೆಯೇ ಸಾಬೀತಾಗಿದೆ.

3. ಫ್ರಿಜ್ಜಿನಲ್ಲಿ "ನನ್ನದು" ಎಂದು ಬರೆದ ಐದು ಡಬ್ಬಿಗಳಿವೆ. "ನಾನು" ಎಂದರೆ ಸದ್ಯ ಓದುತ್ತಿರುವವರು ಎಂದು ಅರ್ಥೈಸಿ ಕೆಲವರು ಊಟ ಮುಗಿಸಿರುತ್ತಾರೆ. "ನಾನು" ಎಂದರೆ ಬರೆದವರು ಮಾತ್ರ ಎಂದು ಸ್ಪಷ್ಟಪಡಿಸಲಾಗಿದೆ. ತಿಂದವರು ಯಾರೆಂದು ಉಪಸಮಿತಿಗೆ ತಿಳಿದಿದೆ, ಆದರೆ ಅವರು ಡೀನ್ ಆಗಿರುತ್ತಾರೆ.

4. ನೀಬಿಯಾ ಅವರ ಡಬ್ಬಿಯ ಗೈರುಹಾಜರಿಯಲ್ಲಿ, ಆಗಸ್ಟ್ 15ರಂದು, ಅಧ್ಯಕ್ಷರು ಸ್ವತಃ ಹಿಟ್ಟು ನಾದಿ ಹದಿನೆಂಟು ತೋರ್ತಾಗಳನ್ನು ಕರಿದರು. ಹದಿನೆಂಟೂ ಪರಿಶೀಲನೆಯಲ್ಲಿ ತೇರ್ಗಡೆಯಾದವು. ಬಗೆಯಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ತಿನ್ನಲು ಮಾತ್ರ ಆಗಲಿಲ್ಲ. ಒಂದನ್ನು ಬಾಗಿಲು ಮುಚ್ಚಿಕೊಳ್ಳದಂತೆ ಅಡ್ಡ ಇಡಲಾಗಿದ್ದು, ತೃಪ್ತಿಕರವಾಗಿ ಕೆಲಸ ಮಾಡುತ್ತಿದೆ.

5. ಉಪಸಮಿತಿಯು ತನ್ನನ್ನು ತಾನೇ ಪರಿಶೀಲಿಸತಕ್ಕದ್ದಲ್ಲ. ಹಾಗೆ ಹೊರಟರೆ ಅದಕ್ಕೆ ಕೊನೆಯಿಲ್ಲ. ಈ ಒಂದು ಬಾರಿ ಮಾತ್ರ ನಿಯಮ ಸಡಿಲಿಸಿ ಪರಿಶೀಲಿಸಲಾಗಿ ತಿಳಿದುಬಂದದ್ದೇನೆಂದರೆ: ಅಧ್ಯಕ್ಷರು ಇಲ್ಲೇ ವಿದ್ಯಾರ್ಥಿಯಾಗಿದ್ದಾಗ, ತರ್ಕಶಾಸ್ತ್ರದ ಮೌಖಿಕ ಪರೀಕ್ಷೆಯಲ್ಲಿ ಎರಡನೇ ಸಲ ಫೇಲಾಗಿ ಮೆಟ್ಟಿಲ ಮೇಲೆ ಕುಳಿತಿದ್ದ ದಿನ ಮಳೆ ಬರುತ್ತಿತ್ತು. ನೀಬಿಯಾ ಅವರು ಏನನ್ನೂ ಕೇಳದೆ ಎರಡು ತೋರ್ತಾಗಳನ್ನು ಅವರ ಕೈಗಿಟ್ಟು ಹೋದರು. ಒಂದಕ್ಕೆ ಸಕ್ಕರೆ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಎರಡೂ ಒಂದೇ ಕಾಗದದಲ್ಲಿದ್ದವು. ಅಧ್ಯಕ್ಷರಿಗೆ ನಾಚಿಕೆಯಾಗಿದೆ ಎಂಬುದನ್ನು ಈ ಮೂಲಕ ದಾಖಲಿಸಲಾಗಿದೆ.

6. ಈ ಸುತ್ತೋಲೆಯ ಕರಡನ್ನು ನೀಬಿಯಾ ಅವರಿಗೆ ಸಲ್ಲಿಸಲಾಗಿ, ಅವರು, "ಇದನ್ನೆಲ್ಲ ಯಾರಪ್ಪ ಓದ್ತಾರೆ? ಸಣ್ಣದ್ ಮಾಡ್ಕೊಂಡ್ ಬಾ" ಎಂದು ಹಿಂದಿರುಗಿಸಿರುತ್ತಾರೆ. ಎಂಥ ಉದ್ದದ ಸೂತ್ರವನ್ನೂ ಹಂತಹಂತವಾಗಿ ಕಿರಿದು ಮಾಡುತ್ತ, ಇನ್ನು ಕಿರಿದಾಗದು ಎಂಬಲ್ಲಿ ನಿಲ್ಲಿಸುವುದು ಲ್ಯಾಂಬ್ಡಾ ಕಲನದ ಪದ್ಧತಿ. ಅದರಂತೆ ಸುತ್ತೋಲೆ 16 ಹಾಗೂ ಮೇಲಿನ ಐದು ಕಂಡಿಕೆಗಳನ್ನು ಒಂದಕ್ಕೊಂದು ಹೊಡೆದುಹಾಕಿದಾಗ ಉಳಿದದ್ದು:

ತಪ್ಪಾಯ್ತು, ನೀಬಿಯಾ. ಹೋಗಬೇಡಿ.

ಇದನ್ನು ಇನ್ನೂ ಸಣ್ಣದು ಮಾಡಲು ಬರುವುದಿಲ್ಲ.

(ಸಹಿ)
ಡಾ. ವಾಲ್ದೆಮಾರ್ ಇಪುಚೆ
ಅಧ್ಯಕ್ಷರು ಮತ್ತು ಏಕೈಕ ಸದಸ್ಯರು
ಬಗೆ ಪರಿಶೀಲನಾ ಉಪಸಮಿತಿ

ಪ್ರತಿಗಳು:
1. ಶ್ರೀಮತಿ ನೀಬಿಯಾ ತೆಚೇರಾ, ಕಂಡಿಕೆ 6 ಮಾತ್ರ. (ಅಧ್ಯಕ್ಷರೇ ಒಯ್ದು, ನಿಂತುಕೊಂಡು ಕೊಡುವುದು.)
2. ಜಲಶಾಸ್ತ್ರ ವಿಭಾಗ, ಡಬ್ಬಿಯನ್ನು ತೊಳೆದು ಹಿಂದಿರುಗಿಸುವ ಕೋರಿಕೆಯೊಂದಿಗೆ.
3. ಪ್ರೊ. ಗದೇಯಾ, ಬುರುಡೆ ಸಮೇತ ಹಾಜರಾಗಲು.
4. ಡೀನ್ ಅವರು, ಮಾಹಿತಿಗಾಗಿ. ಫ್ರಿಜ್ಜಿನ ಬಾಗಿಲಿಗೆ ಅಂಟಿಸಲಾಗಿದೆ.
5. ಹವಾಮಾನ ಇಲಾಖೆ, ತುರ್ತು ಕ್ರಮಕ್ಕಾಗಿ.
6. ಕಚೇರಿ ಪ್ರತಿ.

ಷರಾ (ಕಚೇರಿ ಪ್ರತಿಯ ಮೇಲೆ, ಆಗಸ್ಟ್ 22, ಮಳೆ): ವರ್ಗಾವಣೆ ಅರ್ಜಿ ಕಡತದಲ್ಲಿ ಸಿಗುತ್ತಿಲ್ಲ. ಹುಡುಕಿಸಲಾಗಿ, ನೀಬಿಯಾ ಅವರು ಅದನ್ನು ಜಿಡ್ಡು ಹೀರಲೆಂದು ಇಂದು ತಂದ ಡಬ್ಬಿಯ ತಳಕ್ಕೆ ಹಾಸಿರುವುದು, ಮೇಲಿನ ತೋರ್ತಾಗಳೆಲ್ಲ ಖಾಲಿಯಾದ ನಂತರ ಕಂಡುಬಂದಿದೆ.